ಸುಮ್ಮನಿರದ ಕಾಲಿಗೊಂದು ಮುಳ್ಳು

ಕೂತಲ್ಲಿ ಕಾಲು ಕುಣಿಸುವ ಚಾಳಿ ನನಗೆ ಯಾವಾಗ ಅಂಟಿತೋ ಗೊತ್ತಿಲ್ಲ. ನೆನಪು ಶುರುವಾಗುವ ಹೊತ್ತಿಗೆ ಅದೂ ಆಗಲೇ ಶುರುವಾಗಿತ್ತು. "ಕಾಲು ಅಲ್ಲಾಡಿಸಬೇಡವೋ, ಲಕ್ಷ್ಮಿ ಎದ್ದು ಹೋಗ್ತಾಳೆ" ಎಂದು ಅಮ್ಮ ಗದರುವಳು. "ಬಂದಿದ್ದರೆ ತಾನೆ ಹೋಗೋದು" ಎಂದು ಅಪ್ಪ ಪತ್ರಿಕೆಯ ಮರೆಯಿಂದ ಹೇಳುವರು. ಶಾಲೆಯಲ್ಲಿ ನಾನು ಕೂತ ಬೆಂಚಿನಲ್ಲಿ ಯಾರ ಅಕ್ಷರವೂ ದುಂಡಗೆ ಬರುತ್ತಿರಲಿಲ್ಲ. ಮುಂದೆ ಬ್ಯಾಂಕಿನ ಕ್ಯಾಷ್ ಕೌಂಟರಿಗೆ ಬಂದು ಕೂತ ಮೇಲೆ ಅಲ್ಲಿನ ಗುಂಡುಸೂಜಿ ಡಬ್ಬಿ ದಿನವಿಡೀ ಸಣ್ಣಗೆ ಗಲಗಲ ಎನ್ನುತ್ತಿತ್ತು. ಅದು ನಿಂತಿತೆಂದರೆ ನಾನು ಊಟಕ್ಕೆ ಎದ್ದಿದ್ದೇನೆ ಎಂದು ಸಹೋದ್ಯೋಗಿಗಳು ತಿಳಿಯುತ್ತಿದ್ದರು. ಹೆಣ್ಣು ನೋಡಲು ಹೋದ ಮನೆಯಲ್ಲಿ ನನ್ನ ಮೊಣಕಾಲು ಟೀಪಾಯಿಗೆ ತಗುಲಿ, ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲಿದ್ದ ಕಾಫಿ ಲೋಟ ಮಗುಚಿ, ಜೊತೆಗೆ ಬಂದಿದ್ದ ಸೋದರಮಾವ ತಲೆ ತಗ್ಗಿಸಿದರು. ಹುಡುಗಿ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ನಕ್ಕಳು. ಅವಳನ್ನೇ ಮದುವೆಯಾದೆ.

ಅವಳಿಗೆ ಸಂಗೀತವೆಂದರೆ ಪ್ರಾಣ. ಮೈಸೂರಿನಲ್ಲಿ ಗಣಪತಿ ಹಬ್ಬ ಬಂದರೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಕಛೇರಿಗಳಿಗೆ ನನ್ನನ್ನು ಎಳೆದುಕೊಂಡು ಹೋಗುವಳು. ತಾಳಕ್ಕೂ ನನ್ನ ಕಾಲಿಗೂ ಯಾವ ಸಂಬಂಧವೂ ಇರಲಿಲ್ಲ. ವೇದಿಕೆಯ ಮೇಲೆ ಆದಿತಾಳ, ನನ್ನ ಬಲಮಂಡಿಯಲ್ಲಿ ಇನ್ನಾವುದೋ. ಕುರ್ಚಿಗಳ ಸಾಲೆಲ್ಲ ನಡುಗತೊಡಗಿದಾಗ ಅವಳು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಂಗೈಯನ್ನು ನನ್ನ ಮಂಡಿಯ ಮೇಲೆ ಇಡುವಳು, ಅಷ್ಟೇ. ಒತ್ತುತ್ತಿರಲಿಲ್ಲ, ತಟ್ಟುತ್ತಿರಲಿಲ್ಲ. ಒಣಗಲೆಂದು ಹರಡಿದ ಹಪ್ಪಳದ ಮೇಲೆ ಬಟ್ಟೆ ಹೊದಿಸುವಷ್ಟು ಹಗುರ. ಕಾಲು ನಿಲ್ಲುತ್ತಿತ್ತು. ಒಂದೆರಡು ಕೃತಿಗಳ ಮಟ್ಟಿಗಾದರೂ.

ಇಂಥ ಕಾಲನ್ನು ಕಟ್ಟಿಕೊಂಡು ನಾನು ನಿವೃತ್ತಿಯ ಮರುವರ್ಷ, 61ನೇ ವಯಸ್ಸಿನಲ್ಲಿ, ಕುದುರೆ ಸವಾರಿ ಕಲಿಯಲು ಹೋದೆ. "ಕುದುರೆ ಕಂಡರೆ ಕಾಲುನೋವು" ಎಂದು ನಮ್ಮ ಹಿರಿಯರು ಸೋಮಾರಿಗಳನ್ನು ಕುರಿತು ಹೇಳಿದರು. ಕುದುರೆ ಹತ್ತಿ ಇಳಿದವನ ಕಾಲುನೋವಿನ ಬಗ್ಗೆ ಅವರು ಏನೂ ಹೇಳದೆ ಹೋದದ್ದು ಅನ್ಯಾಯ.

ಆಸೆ ಹಳೆಯದು. ದಸರೆಯ ಜಂಬೂಸವಾರಿ ನೋಡಲು ನಾವು ಮಕ್ಕಳು ಬೆಳಗಿನಿಂದಲೇ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನಲ್ಲಿ ಜಮಖಾನೆ ಹಾಸಿ ಜಾಗ ಹಿಡಿಯುತ್ತಿದ್ದೆವು. ದೊಡ್ಡವರು ನಿಂತು ಅಂಬಾರಿ ನೋಡುವರು. ನೆಲಕ್ಕೆ ಕೂತ ನನ್ನ ಕಣ್ಣಿಗೆ ಸಿಗುತ್ತಿದ್ದುದು ಬೇರೆಯೇ ಲೋಕ. ಕುದುರೆ ಪೊಲೀಸರು ಸಾಲಾಗಿ ಹೋಗುವಾಗ ಅವರ ಪೇಟ, ಮೀಸೆ, ಭರ್ಜಿ ಯಾವುದೂ ನನಗೆ ಕಂಡ ನೆನಪಿಲ್ಲ. ಕಂಡದ್ದು ಕನ್ನಡಿಯಂಥ ಕರಿ ಬೂಟು, ಅದರ ಹಿಮ್ಮಡಿಯಲ್ಲಿ ಬಿಸಿಲಿಗೆ ಮಿನುಗಿ ಮರೆಯಾದ ಏನೋ ಒಂದು ಬೆಳ್ಳಗಿನ ಲೋಹ. ಅದೇನು ಎಂದು ಕೇಳಿದ್ದಕ್ಕೆ ಅಪ್ಪ, "ಕುದುರೆಯ ಆಕ್ಸಿಲರೇಟರು" ಎಂದರು. ಮುಂದೆ ಬಜಾಜ್ ಚೇತಕ್ ಕೊಂಡು 22 ವರ್ಷ ಓಡಿಸಿದೆ. ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತ ಆ ಸ್ಕೂಟರು ಪ್ರತಿ ಬೆಳಗ್ಗೆ ತನ್ನನ್ನು ಬಲಕ್ಕೆ ವಾಲಿಸಿ, ಸಂತೈಸಿ, ಏಳೆಂಟು ಬಾರಿ ಒದೆಯುವವರೆಗೆ ಒಲಿಯುತ್ತಿರಲಿಲ್ಲ. ಸವಾರಿಯೆಂದರೆ ಒದೆಯುವುದು ಎಂಬ ತಪ್ಪು ತಿಳಿವಳಿಕೆ ನನಗೆ ಬಂದದ್ದು ಅಲ್ಲಿಂದಲೇ ಇರಬೇಕು.

ಊರ ಹೊರಗಿನ ಆ ಸವಾರಿ ಶಾಲೆಯಲ್ಲಿ ಕಲಿಸುತ್ತಿದ್ದವರು ಸೈನ್ಯದ ಕುದುರೆ ಲಾಯದಲ್ಲಿ ಆಯುಷ್ಯ ಸವೆಸಿದ, ಗೋಕಾಕದ ಕಡೆಯ ಒಬ್ಬ ದಫೇದಾರರು. ನನಗೆ ಸಿಕ್ಕ ಕುದುರೆ ಗೌರಿ. ಹಿಂದೆ ರೇಸಿನಲ್ಲಿ ಓಡಿದವಳು. ಅಲ್ಲಿ ಅವಳಿಗೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಓಟ ನಿಂತ ಮೇಲೆ ಹೆಸರೂ ಮೊಟಕಾಗಿ, ನನ್ನಂಥವರನ್ನು ಹೊರುವ ಸಂಸಾರಕ್ಕೆ ಇಳಿದಿದ್ದಳು. ಮೊದಲ ದಿನ ನಾನು ಹತ್ತಲು ಸ್ಟೂಲು ಕೇಳಿದಾಗ ದಫೇದಾರರು ಚಾಮುಂಡಿ ಬೆಟ್ಟದ ಕಡೆ ನೋಡುತ್ತ, "ನಿಮ್ಮ ಮೈಸೂರು ಲ್ಯಾನ್ಸರ್ಸ್ ಮಂದಿ 1918ರಾಗ ಹೈಫಾದ ಗುಡ್ಡಾನ ಹತ್ತಿದ್ರು ಕುದುರಿ ಮ್ಯಾಲ. ನಿಮಗ ಕುದುರಿ ಹತ್ತಾಕ ಸ್ಟೂಲ್ ಬೇಕಾತು" ಎಂದರು. ಆದರೆ ಸ್ಟೂಲು ತಂದವರೂ ಅವರೇ.

ಹತ್ತಿದ ಮೇಲೆ ನನ್ನ ಕಾಲು ತನ್ನ ಪುರಾತನ ಉದ್ಯೋಗಕ್ಕೆ ತೊಡಗಿತು. ಎರಡು ಸುತ್ತು ನೋಡಿದ ದಫೇದಾರರು ಕೈ ಎತ್ತಿ ನಿಲ್ಲಿಸಿದರು. "ಸಾಹೇಬ್ರ, ಕುದುರಿ ಮ್ಯಾಲ ಕುಂತೀರೋ, ಹೊಲಿಗಿ ಮಶೀನ್ ಮ್ಯಾಲ ಕುಂತೀರೋ?"

ನೊಣ ಕೂತರೂ ಚರ್ಮವನ್ನು ಅಷ್ಟಕ್ಕೇ ನಡುಗಿಸಿ ಕೊಡವಿಬಿಡುವ ಪ್ರಾಣಿ ಕುದುರೆ. ಅಂಥ ಸೂಕ್ಷ್ಮ ಮೈಯನ್ನು ದಿನವೂ ಹತ್ತು ಜನ ಕಲಿಯುವವರು ಹಿಮ್ಮಡಿಯಿಂದ ತಟ್ಟಿ ತಟ್ಟಿ, ಗೌರಿಯ ಪಕ್ಕೆಗಳಿಗೆ ಒಂದು ಬಗೆಯ ಕಿವುಡು ಬಂದುಬಿಟ್ಟಿತ್ತು. ಸದಾ ಬೈಯುವ ಮೇಷ್ಟರ ಬೈಗುಳ ಮಕ್ಕಳಿಗೆ ಕೇಳಿಸದೆ ಹೋಗುತ್ತದಲ್ಲ, ಹಾಗೆ. ನಾನು ಎಷ್ಟು ತಟ್ಟಿದರೂ ಅವಳು ಬೇಲಿಯಾಚೆಯ ಹುಲ್ಲನ್ನು ನೋಡುತ್ತ ನಿಲ್ಲುವಳು. ಆಗ ನಾನೇ ಬಾಯಿಬಿಟ್ಟು ಸ್ಪರ್, ಅಂದರೆ ಅಪ್ಪ ಹೇಳಿದ್ದ ಆ ಹಿಮ್ಮಡಿಯ ಆಕ್ಸಿಲರೇಟರು, ಕೇಳಿದೆ. ದಫೇದಾರರು ನಕ್ಕರು. "ಕಾಲು ಸುಮ್ಮನ ಇರಾಕ ಕಲೀಲಿ. ಆಮ್ಯಾಲ ಸ್ಪರ್. ಬಡಿಯೋ ಕಾಲಿಗೆ ಸ್ಪರ್ ಕೊಡಾಕ ಬರಂಗಿಲ್ಲ."

ಇದು ನನಗೆ ವಿಚಿತ್ರವೆನಿಸಿತು. ಕನ್ನಡಕ ಬೇಡದವನಿಗೇ ಕನ್ನಡಕ ಕೊಡುತ್ತೇನೆ ಎಂದಂತೆ. ಆದರೆ ಅವರ ಲೆಕ್ಕ ಅದೇ. ಹಿಮ್ಮಡಿ ತನ್ನ ಪಾಡಿಗೆ ತಾನು ನಿಂತಿರಬಲ್ಲವನಿಗೆ ಮಾತ್ರ ಮುಳ್ಳು. ಏಕೆಂದರೆ ಅವನು ಮುಟ್ಟಿದರೆ ಬೇಕೆಂದೇ ಮುಟ್ಟಿರುತ್ತಾನೆ, ಕಾಲು ತಪ್ಪಿ ಅಲ್ಲ.

ಹಾಗಾಗಿ ಒಂದು ವರ್ಷ ನನ್ನ ಕಾಲಿಗೆ ಮೌನವ್ರತದ ಪಾಠ ನಡೆಯಿತು. ಗೌರಿಯನ್ನು ಉದ್ದ ಹಗ್ಗದಲ್ಲಿ ಹಿಡಿದು ದಫೇದಾರರು ಗಾಣ ಸುತ್ತಿಸುವಂತೆ ಸುತ್ತಿಸುವರು. ರಿಕಾಪು ತೆಗೆಸಿದರು. ಆಮೇಲೆ ಪಲ್ಟನ್ನಿನ ಹಳೆಯ ಉಪಾಯವೊಂದನ್ನು ಹೂಡಿದರು: ನನ್ನ ಮಂಡಿಗೂ ಜೀನಿಗೂ ನಡುವೆ ಹತ್ತು ರೂಪಾಯಿಯ ನೋಟು ಸಿಕ್ಕಿಸುವುದು, ಮೂರು ಸುತ್ತಿನೊಳಗೆ ಬಿದ್ದರೆ ಅದು ಅವರದು. ನೋಟು ಮಾತ್ರ ನನ್ನದೇ. 34 ವರ್ಷ ಒಂದು ರೂಪಾಯಿಯೂ ಕಡಿಮೆ ಬೀಳದೆ ಕ್ಯಾಷ್ ಮುಚ್ಚಿದವನು ನಾನು. ಆ ಅಂಗಳದಲ್ಲಿ ದಿನಕ್ಕೆ ನಲವತ್ತು ಐವತ್ತು ರೂಪಾಯಿ ಉದುರಿಸುತ್ತ ಹೋದೆ. ಆ ದುಡ್ಡಿನಲ್ಲಿ ಅವರು ನಮ್ಮಿಬ್ಬರಿಗೆ ಚಹಾ, ಗೌರಿಗೆ ಬೆಲ್ಲ ತರಿಸುವರು. ಗೌರಿ ನನ್ನ ಮೇಲೆ ಪ್ರೀತಿ ಬೆಳೆಸಿಕೊಂಡದ್ದು ನನ್ನ ಕೊರತೆಗಳ ಬಲದಿಂದಲೇ ಎಂದು ಈಗಲೂ ನಂಬಿದ್ದೇನೆ. ಒಂದು ದಿನ ಬೆಲ್ಲ ಬರಲಿಲ್ಲ. ಅವಳು ಮೂತಿಯಿಂದ ನನ್ನ ಜೇಬನ್ನು ನೂಕಿ ನೂಕಿ ನೋಡಿದಳು. ನೋಟು ಬಿದ್ದಿರಲಿಲ್ಲ.

"ಇನ್ನ ತರಸ್ರಿ" ಎಂದರು ದಫೇದಾರರು.

ಸ್ಪರ್ ಆರಿಸುವುದು ಬಳೆ ಆರಿಸಿದಷ್ಟೇ ಕಷ್ಟ ಎಂದು ಆಗ ತಿಳಿಯಿತು. ಹಿಮ್ಮಡಿಯನ್ನು ತಬ್ಬುವ ಲಾಳದಾಕಾರದ ಬಳೆ, ಅದರ ಹಿಂಭಾಗದಿಂದ ಹೊರಟ ಗಿಡ್ಡ ಕತ್ತು, ಬೂಟಿಗೆ ಬಿಗಿಯುವ ಪಟ್ಟಿ, ವಸ್ತು ಇಷ್ಟೇ. ಆದರೆ ಕತ್ತಿನ ತುದಿಯಲ್ಲಿ ಸ್ವಭಾವಗಳು ನೂರಿವೆ. ಚಪ್ಪಟೆಯಾಗಿ ಮೊಂಡಾದ ಕತ್ತು ತುಸು ಕೆಳಗೆ ಬಾಗಿದ್ದರೆ ಅದು ಪ್ರಿನ್ಸ್ ಆಫ್ ವೇಲ್ಸ್. ಗೋಲಿಯಂಥ ಗುಂಡು ತುದಿಯದು ಒಂದು. ತಿರುಗುವ ಹಲ್ಲಿನ ಚಕ್ರವಿದ್ದರೆ ಸಿನಿಮಾದ ಕೌಬಾಯಿಗಳದು. ನಡೆದಾಗ ಝಣ್ ಎನ್ನುವುದು ಅದೇ. ಹಂಸಕಂಠ ಎಂಬುದೂ ಉಂಟು: ಕತ್ತು ಮೊದಲು ಮೇಲಕ್ಕೆದ್ದು ಆಮೇಲೆ ಹಿಂದಕ್ಕೆ ಚಾಚುತ್ತದೆ, ಕಾಲು ಕುದುರೆಯ ಹೊಟ್ಟೆಗಿಂತ ಕೆಳಗೆ ಇಳಿಬೀಳುವ ನೀಳಕಾಯದವರು ಹಿಮ್ಮಡಿ ಎತ್ತದೆಯೇ ಮುಟ್ಟಲೆಂದು ಮಾಡಿದ್ದು. ನನ್ನ ಐದಡಿ ಮೂರಂಗುಲದ ನಿಲುವಿಗೆ ಅದನ್ನು ಕೇಳುವ ಧೈರ್ಯ ಬರಲಿಲ್ಲ. ಕೊನೆಗೊಂದು ಇದೆ, ಕತ್ತೇ ಇಲ್ಲದ್ದು. ಬರಿಯ ಬಳೆ, ಮುಟ್ಟಲು ಏನೂ ಇಲ್ಲ, ಉಡುಪು ಪೂರ್ತಿಯಾಗಲಿ ಎಂದು ಹಾಕುವುದು. ನಿವೃತ್ತರಿಗೆ ಹೇಳಿ ಮಾಡಿಸಿದಂತಿದ್ದ ಅದರ ಕಡೆಗೆ ನನ್ನ ಮನಸ್ಸು ಬಹಳ ಹೊತ್ತು ವಾಲಿತ್ತು. ದಫೇದಾರರು ತಮ್ಮ ಹೆಬ್ಬೆರಳಿನ ಉಗುರು ತೋರಿಸಿ, "ಪ್ರಿನ್ಸ್ ಆಫ್ ವೇಲ್ಸ್ ತರಸ್ರಿ. ಇದಕ್ಕಿಂತ ಉದ್ದ ಬ್ಯಾಡ" ಎಂದರು. 15 ಮಿಲಿಮೀಟರು.

ಲಗಾಮು, ಜೀನು, ರಿಕಾಪು, ಚಾಟಿ ಎಲ್ಲ ನಮ್ಮ ಬಾಯಿಗೆ ಒಗ್ಗಿದ ಮಾತುಗಳು. ಸ್ಪರ್ ಮಾತ್ರ ಸ್ಪರ್ ಆಗಿಯೇ ಉಳಿದಿದೆ. ನಾನು ಮನಸ್ಸಿನಲ್ಲೇ ಹಿಮ್ಮಡಿ ಮುಳ್ಳು ಎಂದು ಕರೆದುಕೊಂಡೆ. ಕರೆದ ಮೇಲೆ ಹೊಳೆಯಿತು, ಕನ್ನಡದಲ್ಲಿ ಮುಳ್ಳೆಲ್ಲ ಚುಚ್ಚುವುದಿಲ್ಲ. ಗಡಿಯಾರದ ಮುಳ್ಳು, ತಕ್ಕಡಿಯ ಮುಳ್ಳು ಬರಿದೆ ತೋರಿಸುತ್ತವೆ.

ಮೈಸೂರಿನಲ್ಲಿ ಬೇಕಾದದ್ದು ಸಿಗದೆ ಕಾನ್ಪುರದ ಅಂಗಡಿಯೊಂದಕ್ಕೆ ಫೋನು ಮಾಡಿದೆ. ಜೀನು, ಬೂಟುಗಳಿಗೆ ಹೆಸರಾದ ಊರು ಅದು. ಆ ಕಡೆಯವರು ಹಿಂದಿಯಲ್ಲಿ, ಬೂಟಿನ ಹಿಮ್ಮಡಿ ಎಷ್ಟು ಅಗಲ ಎಂದು ಕೇಳಿದರು. ಬಳೆ ಸಡಿಲವಾದರೆ ಜಾರಿ ಓರೆಯಾಗುತ್ತದೆ, ಬಿಗಿಯಾದರೆ ಚರ್ಮ ಕಚ್ಚುತ್ತದೆ. ಗಂಡಸರದಕ್ಕೂ ಹೆಂಗಸರದಕ್ಕೂ ಅಳತೆ ಬೇರೆ. ಮನೆಯಲ್ಲಿ ಟೇಪು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಆದರೆ ಅವಳ ಹೊಲಿಗೆ ಯಂತ್ರದ ಡ್ರಾಯರನ್ನು ನಾನು ಮೂರು ವರ್ಷದಿಂದ ತೆರೆದಿರಲಿಲ್ಲ. ತೆರೆದೆ. ಬಾಬಿನ್ನುಗಳು, ಕಾಲು ಮುರಿದ ಸೀಮೆಸುಣ್ಣ, ಯಾರದೋ ರವಿಕೆಯಿಂದ ಉಳಿದ ನೇರಳೆ ಬಟ್ಟೆಯ ಚೂರು. ಹಳದಿ ಟೇಪನ್ನು ಅವಳು ಸುತ್ತಿಟ್ಟ ಹಾಗೆಯೇ ಇತ್ತು. ಬಿಚ್ಚಿದರೆ ಮತ್ತೆ ಅಷ್ಟು ಅಚ್ಚುಕಟ್ಟಾಗಿ ಸುತ್ತಲು ನನಗೆ ಬಾರದು ಎಂದು ಒಂದು ಗಳಿಗೆ ಹಿಂದೆಮುಂದೆ ನೋಡಿ, ಆಮೇಲೆ ಬಿಚ್ಚಿದೆ. ಮೂರಂಗುಲ ಒಂದು ನೂಲು. ಫೋನಿನಲ್ಲಿ ಕಾಯುತ್ತಿದ್ದವರು ನಾನು ಎಲ್ಲಿ ಹೋದೆನೋ ಎಂದು ಹಲೋ ಹಲೋ ಎನ್ನುತ್ತಿದ್ದರು.

ಪಾರ್ಸೆಲ್ ಬರುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ ಸ್ಪರ್ ಪುರಾಣ ಓದಿದೆ. ಯೂರೋಪಿನ ರಾವುತರಿಗೆ ಇದು ಹಿರಿಮೆಯ ಗುರುತು. 1346ರ ಕ್ರೆಸಿ ಕಾಳಗದಲ್ಲಿ ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡನ ಮಗ ಇಕ್ಕಟ್ಟಿಗೆ ಸಿಕ್ಕಿದ್ದಾನೆ, ನೆರವು ಕಳಿಸಿ ಎಂದು ಬಂದವರಿಗೆ ದೊರೆ, ಹುಡುಗ ತನ್ನ ಸ್ಪರ್ ತಾನೇ ಗಳಿಸಲಿ ಎಂದನೆಂದು ಫ್ರುವಾಸಾರ್ ಬರೆದಿಟ್ಟಿದ್ದಾನೆ. ಹುಡುಗನಿಗಾಗ 16 ವರ್ಷ. ಅವನೂ ಪ್ರಿನ್ಸ್ ಆಫ್ ವೇಲ್ಸನೇ. ನನಗೆ 62. ತಡವಾದರೂ ನನ್ನದು ರಕ್ತಪಾತವಿಲ್ಲದ ಗಳಿಕೆ, ಉದುರಿದ್ದು ಹತ್ತರ ನೋಟುಗಳು ಮಾತ್ರ. ಇದಕ್ಕಿಂತ ನನಗೆ ಹಿಡಿಸಿದ್ದು ಫ್ಲಾಂಡರ್ಸಿನ ಕೊರ್ಟ್ರೈಕ್ ಊರಿನ ಕಥೆ. 1302ರ ಜುಲೈ 11ರಂದು ಅಲ್ಲಿನ ನೇಕಾರರೂ ಇತರ ಕಸುಬಿನವರೂ ಕಾಲ್ನಡಿಗೆಯಲ್ಲೇ ನಿಂತು ಫ್ರಾನ್ಸಿನ ಕುದುರೆ ಪಡೆಯನ್ನು ಮುರಿದರು. ಜೌಗು ನೆಲ, ನಡುವೆ ಹಳ್ಳಗಳು, ಕುದುರೆಗಳು ಹೂತುಹೋದವು. ಸತ್ತ ಸವಾರರ ಹಿಮ್ಮಡಿಯಿಂದ ಬಿಚ್ಚಿದ ಐನೂರು ಜೊತೆ ಚಿನ್ನದ ಸ್ಪರ್‌ಗಳನ್ನು ಊರ ಚರ್ಚಿನಲ್ಲಿ ತೂಗುಹಾಕಿದರಂತೆ. 80 ವರ್ಷ ಕಳೆದು, 1382ರಲ್ಲಿ, ಫ್ರೆಂಚರು ಮತ್ತೆ ಬಂದು ಅವನ್ನು ಹೊತ್ತುಕೊಂಡು ಹೋದರು. ಮದುವೆಮನೆಯಲ್ಲಿ ಕಳೆದ ಚಪ್ಪಲಿಯನ್ನು ನಾನು ಎಂಟು ದಿನಕ್ಕೆ ಮರೆಯುತ್ತೇನೆ. ಎಂಬತ್ತು ವರ್ಷವೆಂದರೆ, ತೊಟ್ಟವರೂ ಇಲ್ಲ, ಬಿಚ್ಚಿದವರೂ ಇಲ್ಲ.

ಪಾರ್ಸೆಲ್ ಬಂತು. ಸ್ಟೀಲಿನ ಸ್ಪರ್ ಚೆನ್ನಾಗಿಯೇ ಇತ್ತು. ಪಟ್ಟಿ ಮಾತ್ರ ಭೀಮಸೇನನ ಕಾಲಿಗೆ ಆಗುವಷ್ಟು ಉದ್ದ. ಕಡೆಯ ತೂತಿಗೆ ಸಿಕ್ಕಿಸಿದರೂ ಪಾದದ ಮೇಲೆ ಸಡಿಲವಾಗಿ ತೂಗುತ್ತಿತ್ತು. ಬೀರುವಿನ ಕನ್ನಡಿಯ ಮುಂದೆ ಬೂಟು ಹಾಕಿ, ಸ್ಪರ್ ಕಟ್ಟಿ, ಓರೆಯಾಗಿ ನಿಂತು ನನ್ನ ಹಿಮ್ಮಡಿಯನ್ನು ನಾನೇ ನೋಡಲು ಹೆಣಗುತ್ತಿದ್ದಾಗ ಕೆಲಸದ ಹೆಂಗಸು ಒಳಗೆ ಬಂದಳು. ಪೊರಕೆ ಹಿಡಿದು ಸ್ವಲ್ಪ ಹೊತ್ತು ನಿಂತು, "ಗೆಜ್ಜೆ ಚಿಕ್ಕದಾಯ್ತು ಬಿಡಿ ಸಾರ್" ಎಂದು ಹೇಳಿ ಅಡುಗೆಮನೆಗೆ ಹೋದಳು.

ಮಾರುಕಟ್ಟೆಯ ಹತ್ತಿರ ಮರದಡಿ ಕೂರುವ ಚಮ್ಮಾರರ ಬಳಿಗೆ ಹೋದೆ. ಕುದುರೆ ಸವಾರಿಯ ಸಾಮಾನು ಅವರ ಕೈಗೆ ಬಂದದ್ದು ಅದೇ ಮೊದಲು. ಅತ್ತಿತ್ತ ತಿರುಗಿಸಿ ನೋಡಿದರು. ಬಳೆಯ ಒಂದು ತೋಳು ಇನ್ನೊಂದಕ್ಕಿಂತ ತುಸು ಉದ್ದವಿದ್ದದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಅವರು ಬೆರಳಿನಲ್ಲಿ ಸವರಿ ಕಂಡುಹಿಡಿದರು. "ಉದ್ದಂದು ಹೊರಗಡೆಗೆ ಬರಬೇಕು ಸಾಮಿ. ಬಕಲೂ ಹೊರಗೇ. ಒಳಗಾದ್ರೆ ಕುದುರೆ ಮೈಗೆ ಉಜ್ತದೆ." ತೂತು ಹೊಡೆದು, ಮಿಕ್ಕ ಪಟ್ಟಿಯನ್ನು ಕತ್ತರಿಸಿ, ತುದಿಯನ್ನು ಎಲೆಯಂತೆ ಚೂಪು ಮಾಡಿ, ಅಂಚಿಗೆ ಮೇಣ ತಿಕ್ಕಿದರು. ಇಪ್ಪತ್ತು ರೂಪಾಯಿ ಕೊಟ್ಟೆ. ತೆಗೆದುಕೊಳ್ಳುತ್ತ, ಸ್ಪರಿನ ಮೊಂಡು ತುದಿಯನ್ನು ತಮ್ಮ ಅಂಗೈಗೆ ಒತ್ತಿಕೊಂಡು, "ಅದಕ್ಕೆ ನೋಯಲ್ವ?" ಎಂದರು. ನೋಯಿಸಲಿಕ್ಕಲ್ಲ ಎಂದೆ. ಅವರು ತಲೆಯಾಡಿಸಿದರು. ನಂಬಿದರು ಎಂದಲ್ಲ, ದುಡ್ಡು ಕೊಟ್ಟವನ ಮಾತಿಗೆ ಆಡಿಸುವಂತೆ.

ಇಷ್ಟೆಲ್ಲ ಪಾಠವಾದ ಮೇಲೂ ಮೊದಲ ದಿನ ನಾನು ಸ್ಪರನ್ನು ತಲೆಕೆಳಗಾಗಿ ಕಟ್ಟಿಕೊಂಡು ಹೋದೆ. ಕೆಳಗೆ ಬಾಗಬೇಕಾದ ಕತ್ತು ಮೇಲಕ್ಕೆ ನಿಮಿರಿತ್ತು. ಬರುವ ದಾರಿಯಲ್ಲಿ ಅದು ಆಟೋದ ರಬ್ಬರು ಮ್ಯಾಟಿಗೆ ಸಿಕ್ಕಿಕೊಂಡು, ಇಳಿಯುವಾಗ ಮ್ಯಾಟು ನನ್ನ ಹಿಂದೆಯೇ ಇಳಿದು ಬಂದಿತ್ತು. "ಹಂಸಕಂಠ ಬ್ಯಾಡ ಅಂದ್ರೂ ನೀವs ಮಾಡ್ಕೊಂಡ್ ಬಂದೀರಲ್ರಿ" ಎಂದ ದಫೇದಾರರು, ನಾನು ಬೇಡ ಬೇಡ ಎನ್ನುತ್ತಿದ್ದಂತೆ ನನ್ನ ಕಾಲ ಬುಡದಲ್ಲಿ ಮಂಡಿಯೂರಿದರು. ಎಪ್ಪತ್ತು ದಾಟಿದ ಮಂಡಿಗಳು ಕಟಕಟ ಎಂದವು. ಗುರು ಶಿಷ್ಯನ ಕಾಲು ಹಿಡಿಯುವುದೇ ಎಂದು ನಾನು ಸಂಕೋಚದಿಂದ ಹಿಂದೆ ಸರಿದೆ. "ಅಲ್ಲಾಡಬ್ಯಾಡ್ರಿ" ಎಂದು ಬೂಟಿಗೊಂದು ಏಟು ಬಿತ್ತು. ಬಿಚ್ಚಿ, ತಿರುಗಿಸಿ, ಬೂಟಿನ ಹಿಂದೆ ಸ್ಪರಿಗೆಂದೇ ಇಟ್ಟ ಸಣ್ಣ ಜಗುಲಿಯಂಥ ಚರ್ಮದ ಮೇಲೆ ಅದನ್ನು ಕೂರಿಸಿ, ಕತ್ತು ಹಿಂಬದಿಯ ಹೊಲಿಗೆಗೆ ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, ಪಟ್ಟಿ ಬಿಗಿದರು. ಆ ಗಂಭೀರ ಮುಖ ನೋಡಿ ನನಗೆ ಶಾಲೆಯ ಮೊದಲ ದಿನ ಅಪ್ಪ ನನ್ನ ಲೇಸು ಕಟ್ಟಿದ್ದು ನೆನಪಾಯಿತು.

ಹತ್ತಿ ಕೂತವನಿಗೆ ಒಂದು ವರ್ಷದ ಕಲಿಕೆಯೆಲ್ಲ ಮರೆಯಿತು. ಎಲ್ಲಿ ತಗುಲಿಬಿಡುತ್ತದೋ ಎಂಬ ಭಯಕ್ಕೆ ಎರಡು ಕಾಲನ್ನೂ ಗೌರಿಯ ಮೈಯಿಂದ ದೂರ, ಕಪ್ಪೆಯ ಹಾಗೆ ಅಗಲಿಸಿಕೊಂಡು ಕೂತೆ. ಅವಳು ಎಂದಿನಂತೆ ಬೇಲಿಯಾಚೆಯ ಹುಲ್ಲು ನೋಡುತ್ತಿದ್ದಳು. "ಕಾಲು ಇಡ್ರಿ. ಬರೇ ಇಡ್ರಿ" ಎಂದರು. ಇಟ್ಟೆ. ಮೀನಖಂಡ ಅವಳ ಪಕ್ಕೆಗೆ ತಾಗಿತು. ಅವಳ ಉಸಿರಿನ ಏರಿಳಿತ ನನ್ನ ಬೂಟಿನೊಳಗೆ ಬಂತು. ಏನೂ ಆಗಲಿಲ್ಲ. "ಈಗ ಹಿಮ್ಮಡಿ ಸ್ವಲ್ಪ ಒಳಗ ತಿರುಗಸ್ರಿ. ಒಂದs ಸಲ. ಆಮ್ಯಾಲ ಬಿಟ್ಟುಬಿಡ್ರಿ." ತಿರುಗಿಸಿದೆನೋ ಇಲ್ಲವೋ, ತಿರುಗಿಸಬೇಕು ಎಂದುಕೊಂಡೆನಷ್ಟೇ. ಗೌರಿಯ ಎಡಕಿವಿ ಹಿಂದಕ್ಕೆ ಹೊರಳಿ ನನ್ನ ಕಡೆ ನಿಂತಿತು. ಏನಂದಿರಿ ಎಂದು ಕೇಳುವಂತೆ. ಮರುಗಳಿಗೆ ಅವಳು ಹುಲ್ಲನ್ನು ಬಿಟ್ಟು, ಬೆನ್ನನ್ನು ತುಸು ಎತ್ತಿ, ನೀರಿಗಿಳಿದ ದೋಣಿಯಂತೆ ಮುಂದೆ ಹೊರಟಳು. ಒಂದು ವರ್ಷದಲ್ಲಿ ನಾನು ಕೊಟ್ಟ ಸಾವಿರಾರು ಒದೆಗೆ ಓಗೊಡದವಳು.

ಒತ್ತಿರಲಿಲ್ಲ, ತಟ್ಟಿರಲಿಲ್ಲ. ಇಟ್ಟಿದ್ದೆ, ಅಷ್ಟೇ. ಆ ಹಗುರ ನನಗೆ ಎಲ್ಲಿಂದಲೋ ಪರಿಚಿತವೆನಿಸಿ, ಎರಡು ಸುತ್ತು ಮುಗಿಯುವವರೆಗೆ ದಫೇದಾರರು ಏನು ಹೇಳುತ್ತಿದ್ದಾರೆಂದು ನನಗೆ ಕೇಳಿಸಲಿಲ್ಲ.

ಈಗಲೂ ವಾರಕ್ಕೆರಡು ದಿನ ಹೋಗುತ್ತೇನೆ. ಗೌರಿಗೆ ವಯಸ್ಸಾಗಿದೆ, ನಡಿಗೆಗಿಂತ ಹೆಚ್ಚು ಕೇಳುವುದಿಲ್ಲ, ಸ್ಪರ್ ಚೀಲದಲ್ಲೇ ಇರುತ್ತದೆ. ಬೆಲ್ಲ ಮಾತ್ರ ತಪ್ಪಿಸಿಲ್ಲ. ಟೇಪನ್ನು ಏಳೆಂಟು ಸಲ ಸುತ್ತಿ ನೋಡಿದೆ, ಅವಳು ಸುತ್ತಿದಂತೆ ಬರಲಿಲ್ಲ; ಹಾಗೆಯೇ ಡ್ರಾಯರಿಗೆ ಹಾಕಿದೆ.

ಈ ಸಲದ ಗಣಪತಿ ಹಬ್ಬದಲ್ಲಿ ಬಹಳ ವರ್ಷಗಳ ಮೇಲೆ ಎಂಟನೇ ಕ್ರಾಸಿಗೆ ಹೋದೆ. ಹಳೆಯ ಅಭ್ಯಾಸದಂತೆ ಕೊನೆಯ ಸಾಲು, ಅಂಚಿನಿಂದ ಎರಡನೇ ಕುರ್ಚಿ, ಅಂಚಿನದು ಖಾಲಿ. ರಾಗ ಮುಗಿದು ತನಿ ಆವರ್ತನ ಶುರುವಾಗಿ ಮೃದಂಗ ಏರುತ್ತ ಹೋದರೂ ನನ್ನ ಕಾಲು ಕದಲಲಿಲ್ಲ. ಕಲ್ಲಿನಂತೆ ಕೂತಿತ್ತು. ದಫೇದಾರರು ನೋಡಿದ್ದರೆ ಹತ್ತು ರೂಪಾಯಿ ವಾಪಸು ಕೊಡುತ್ತಿದ್ದರು. ನನಗೆ ಮಾತ್ರ ಅದು ಅಷ್ಟು ಸುಮ್ಮನಿದ್ದದ್ದು ಸರಿಬರಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೇಕೆಂದೇ, ಬಲಮಂಡಿಯನ್ನು ಅಲ್ಲಾಡಿಸಿದೆ. ಸ್ವಲ್ಪ ಹೊತ್ತು ಅಲ್ಲಾಡಿಸಿದೆ. ಕುರ್ಚಿಗಳ ಸಾಲು ಸಣ್ಣಗೆ ನಡುಗಿತು. ನನ್ನ ಇನ್ನೊಂದು ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ಕೂತಿದ್ದ. ನೆಲಕ್ಕೆ ಎಟುಕದ ಅವನ ಕಾಲುಗಳೂ ಅನುಮತಿ ಸಿಕ್ಕವರಂತೆ ಜೋರಾಗಿ ತೂಗತೊಡಗಿದವು. ಅವನ ತಾಯಿ ವೇದಿಕೆಯಿಂದ ಕಣ್ಣು ತೆಗೆಯದೆ, ಅವನ ಮಂಡಿಯ ಮೇಲೆ ಕೈ ಇಟ್ಟಳು.

ನಮ್ಮಿಬ್ಬರ ಕಾಲೂ ನಿಂತಿತು.